ತಾಳಮದ್ದಲೆ ಮುಗಿದ ಮೇಲೆ

ಕಾಲಡಿಯ ತಗಡು ಅದುರುತ್ತಿದೆ, ಏರು ಬಂತೆಂದು ಡ್ರೈವರ್ ಗೇರ್ ಇಳಿಸಿದ, ಹಿಮ್ಮಡಿಯಿಂದ ಮೊಣಕಾಲಿಗೆ ಹತ್ತುವ ಈ ದಪ್ಪ ಗುಂಯ್‌ — ಇದನ್ನು ಹಿಡಿಯಲಿಕ್ಕೇ ಅಲ್ಲವೆ ನಾವು ಸ್ಟುಡಿಯೋಕ್ಕೆ ಹೋದದ್ದು, ಅದಕ್ಕೇ ಅಲ್ಲವೆ ನಮ್ಮ ಕ್ಯಾಸೆಟ್ಟಿಗೆ ಸೆಕೆಂಡ್ ಗೇರ್ ಎಂದು ಹೆಸರಿಟ್ಟದ್ದು, ಇರಲಿ, ಅದೆಲ್ಲ ಹೋದ ವರ್ಷದ ಮಾತು, ಸಾಗರದಿಂದ ಹೊರಟ ಬಸ್ಸು ಹೊಸನಗರ ದಾಟಿದೆ, ಟೇಪಿನಲ್ಲಿ ತಾಳಮದ್ದಲೆ, ಇಬ್ಬರು ಅರ್ಥಧಾರಿಗಳು ಆಗಿನಿಂದ ವಾದ ಮಾಡುತ್ತಿದ್ದಾರೆ, ಒಬ್ಬರೂ ಸೋಲುತ್ತಿಲ್ಲ, ಮಡಿಲಲ್ಲಿ ಕರಿ ಚೀಲ, ಚೀಲದಲ್ಲಿ ಬೇಸ್ ಗಿಟಾರು, ಹತ್ತುವಾಗ ಕಂಡಕ್ಟರ್ ಹೂವಪ್ಪ ಅದರ ಉದ್ದ ನೋಡಿ ಲೈಸೆನ್ಸ್ ಐತಾ ಅಂದ, ಕೋವಿ ಅಲ್ಲ ಮಾರಾಯ, ಗಿಟಾರು ಅಂದೆ, ಹಂಗಾರೆ ಅರ್ಧ ಟಿಕೆಟ್ ತಗೊಳ್ಳಿ, ಮಡಿಲಲ್ಲಿ ಕೂರಿಸ್ಕೊಂಡ್ರೆ ಬೇಡ — ಕೂರಿಸಿಕೊಂಡಿದ್ದೇನೆ, ಕತ್ತು ನನ್ನ ಭುಜಕ್ಕೆ ಒರಗಿದೆ, ತೀರ್ಥಹಳ್ಳಿಯಲ್ಲಿ ಗಣೇಶಮೂರ್ತಿ ಕಾಯುತ್ತಿರುತ್ತಾನೆ, ಆರ್ಗನ್ ನುಡಿಸುವವನು, ನಮ್ಮ ಬ್ಯಾಂಡು ಕಟ್ಟಿದವನು, ಈಗ ಅವನೇ ಅನ್ನುತ್ತಾನೆ, ಸಾಕು ಮನೋರಮಾ, ಆರ್ಕೆಸ್ಟ್ರಾ ಮಾಡಣ, ಮದುವೆಗೆ ಸಿನಿಮಾ ಹಾಡು ಬಾರ್ಸಣ, ನಮ್ದು ಅಂತ ಒಂದು ಮಾಡಿದ್ದು ಯಾರಿಗೂ ಬೇಕಾಗ್ಲಿಲ್ಲ ನೋಡು. ಡ್ರಮ್ ಬಾರಿಸುವ ಭೂತಪ್ಪ ಒಪ್ಪಿಯಾಯಿತು, ಟ್ರಂಪೆಟ್ಟಿನವರೂ ಒಪ್ಪಿಯಾಯಿತು, ಉಳಿದವಳು ನಾನು, ಇವತ್ತು ಹೂಂ ಅನ್ನಬೇಕು, ಅನ್ನುತ್ತೇನೆ, ಅನ್ನದೆ ಏನು ಮಾಡಲಿ.

ಆದರೆ ಬಾರಿಸಿದೆವಲ್ಲ, ಅದನ್ನು ಯಾರೂ ಇಲ್ಲ ಅನ್ನುವ ಹಾಗಿಲ್ಲ, ಹಡಗಿನಲ್ಲಿ ಕೆಲಸಕ್ಕಿದ್ದ ಗಣೇಶಮೂರ್ತಿಯ ಭಾವ ಒಂದು ರೆಕಾರ್ಡು ತಂದ, ಇದಕ್ಕೆ ಫಂಕ್ ಅಂತಾರೆ ಅಂದ, ಹಾಡುವವನು ಹಿಂದೆ, ಬೇಸ್ ಮುಂದೆ, ಮುಳ್ಳು ಸವೆಯುವ ತನಕ ಕೇಳಿದೆವು, ಆಮೇಲೆ ನಮ್ಮದೇ ಮಟ್ಟು ಹಾಕಿದೆವು, ಮಂಗಳೂರಿನ ಸ್ಟುಡಿಯೋದಲ್ಲಿ ಮೀಟರ್ ನೋಡುವವನು ಹಾಡೋರು ಯಾವಾಗ ಬರ್ತಾರೆ ಎಂದು ಕೇಳಿದ, ಹಾಡೋರಿಲ್ಲ ಅಂದೆ, ನಾನು ಬರಿಗಾಲಲ್ಲಿ ಸಿಮೆಂಟಿನ ನೆಲದ ಮೇಲೆ ನಿಂತಿದ್ದೆ, ಸ್ಪೀಕರಿನ ನಡುಕ ಅಂಗಾಲಿಗೆ ಬರುತ್ತಿತ್ತು, ಕೊನೆಯ ಮಟ್ಟಿನಲ್ಲಿ ಬಾರಿಸಿ ಬಾರಿಸಿ ಒಂದು ಕಡೆ ಒಂದು ಪೆಟ್ಟು ಬಿಟ್ಟುಬಿಟ್ಟೆ, ಆಮೇಲೆ ಪ್ರತಿ ಸುತ್ತಿನಲ್ಲೂ ಅಲ್ಲೇ ಬಿಟ್ಟೆ, ಪೆಟ್ಟು ಬೀಳಬೇಕಾದ ಜಾಗ ಖಾಲಿ, ಇಡೀ ಬ್ಯಾಂಡು ಆ ಖಾಲಿಯ ಮೇಲಿಂದ ಹಾರಿತು, ಗಾಜಿನ ಆಚೆಯವನು ಇನ್ನೊಂದ್ಸಲ ತಗೊಳ್ಳೋಣ್ವಾ ಅಂದ, ಬೇಡ, ಇದೇ, ಅಂದೆ, ಎಷ್ಟು ಗಟ್ಟಿಯಾಗಿ ಅಂದೆ, ನನ್ನ ಧ್ವನಿ ನನಗೇ ಹೊಸದು. ಶಿವಮೊಗ್ಗದ ವಾರಪತ್ರಿಕೆಯವನು ಬರೆದ, ಎಂಟು ಹಾಡು ಅನ್ನುತ್ತಾರೆ, ಹಾಡೆಲ್ಲಿ, ಬೇಸ್ ಹುಡುಗಿ ನಡುನಡುವೆ ಬಾರಿಸುವುದನ್ನೇ ಮರೆಯುತ್ತಾಳೆ — ಮರೆತದ್ದಲ್ಲ, ಬಿಟ್ಟದ್ದು, ಯಾರಿಗೆ ಹೇಳುವುದು, ಸಾಗರದ ಪೇಟೆಯಲ್ಲಿ ಕ್ಯಾಸೆಟ್ ಅಂಗಡಿಯ ವಾಸಪ್ಪ ಕಪಾಟು ತುಂಬ ನಮ್ಮದನ್ನು ತಗೊಂಡಿದ್ದ, ಮಳೆಗಾಲ ಕಳೆದ ಮೇಲೆ ನಾನು ಹೋದರೆ ಕ್ಯಾಸೆಟ್ಟಿನ ಅಂಚಿನ ತೂತಿಗೆ ಸೆಲ್ಲೋಟೇಪು ಅಂಟಿಸುತ್ತ ಕೂತಿದ್ದಾನೆ, ಹಾಗೆ ಅಂಟಿಸಿದರೆ ಅದರ ಮೇಲೆ ಬೇರೆ ರೆಕಾರ್ಡ್ ಮಾಡಬಹುದು, ಬೇಜಾರು ಮಾಡ್ಕಬೇಡಮ್ಮ, ಟೇಪು ಮಾತ್ರ ಫಸ್ಟ್ ಕ್ಲಾಸು, ಜನ ತಾಳಮದ್ದಲೆ ಕೇಳ್ತಾರೆ, ಅದನ್ನ ಇದರ ಮೇಲೆ ತುಂಬಿಸ್ತಾ ಇದೀನಿ. ನಗುತ್ತಲೇ ಹೇಳಿದ, ನಾನೂ ನಕ್ಕೆ, ಮನೆಗೆ ಹೋಗಿ ಊಟ ಮಾಡಲಿಲ್ಲ.

ವಾದ ಮುಗಿಯಿತು, ಮದ್ದಲೆ ನಿಂತಿತು, ಟಕ್ ಎಂದು ಒಂದು ಸದ್ದು, ಇನ್ನು ಡ್ರೈವರ್ ಕ್ಯಾಸೆಟ್ ಮಗುಚಬೇಕು, ಮಗುಚುತ್ತಿಲ್ಲ, ಆಮೇಲೆ — ನಾನು. ನಾನೇ. ಟ್ರಂಪೆಟ್ ಇಲ್ಲ, ಶುರು ಇಲ್ಲ, ಕೊನೆಯ ಮಟ್ಟು ಅರ್ಧದಿಂದ, ನನ್ನ ಬೇಸು, ಹಿಂದೆ ಭೂತಪ್ಪ, ತಾಳಮದ್ದಲೆ ಟೇಪಿಗಿಂತ ಗಿಡ್ಡವಾಯಿತು, ಅಡಿಯಲ್ಲಿದ್ದ ನಮ್ಮದು ಅಷ್ಟು ಉಳಿದುಕೊಂಡಿತು, ವಾಸಪ್ಪ ತುಂಬಿಸಿದ ಪ್ರತಿ ಕ್ಯಾಸೆಟ್ಟಿನಲ್ಲೂ ಹೀಗೇ ಉಳಿದಿರಬೇಕು, ಎಷ್ಟು ಮನೆಯಲ್ಲಿ, ಎಷ್ಟು ಬಸ್ಸಿನಲ್ಲಿ — ಹುಂಚ, ಹುಂಚ ಇಳಿಯೋರು, ಹೂವಪ್ಪನ ಸೀಟಿ, ಬಸ್ಸು ನಿಂತಿತು, ಇಳಿಯುವವರು ಇಳಿದರು, ನನ್ನ ಪಕ್ಕದ ಮುದುಕಿ ಏಳುತ್ತಿಲ್ಲ, ಚೀಲ ಕೈಯಲ್ಲೇ ಇದೆ, ಸೆರಗು ಸರಿಮಾಡಿಕೊಂಡಾಗಿದೆ, ಕೂತೇ ಇದ್ದಾಳೆ. ಜಲಜಮ್ಮ, ಇಳೀತೀರಾ, ಇಲ್ಲಾ ತೀರ್ಥಹಳ್ಳಿಗೇ ಹರೀಲಾ ಟಿಕೆಟ್ಟು ಅಂದ ಹೂವಪ್ಪ. ಮುದುಕಿ ತಲೆ ಎತ್ತಲಿಲ್ಲ. ಇರೋ ಮಾರಾಯ, ಮಂಗಳ ಆಗ್ಲಿ.

ಮಂಗಳ. ಇದನ್ನು ಮಂಗಳ ಅಂದುಕೊಂಡಿದ್ದಾರೆ, ಪ್ರಸಂಗ ಮುಗಿದ ಮೇಲಿನ ಮಂಗಳ, ನಗು ಬರಬೇಕಿತ್ತು, ಚೀಲವನ್ನು ಇನ್ನಷ್ಟು ಅಪ್ಪಿ ಹಿಡಿದೆ, ಹೂವಪ್ಪ ಬಾಗಿಲಿಗೆ ಒರಗಿದ, ಡ್ರೈವರ್ ಬೀಡಿ ಹಚ್ಚಿದ, ಹಿಂದಿನಿಂದ ಯಾರೂ ಹೊರಡ್ರೋ ಅನ್ನಲಿಲ್ಲ, ಇಡೀ ಬಸ್ಸು ನನಗಾಗಿ ನಿಂತಿದೆ, ನಾನು ಅಂತ ಗೊತ್ತಿಲ್ಲದೆ ನಿಂತಿದೆ, ಅದಕ್ಕೇ ಇಷ್ಟು ಹೆಮ್ಮೆ, ಗೊತ್ತಿದ್ದು ನಿಂತಿದ್ದರೆ ಇಷ್ಟಿರುತ್ತಿರಲಿಲ್ಲ, ಪತ್ರಿಕೆಯವನೂ ಇಲ್ಲಿ ಕೂತಿರಬೇಕಿತ್ತು, ಗಣೇಶಮೂರ್ತಿಯೂ. ನಿಮ್ಮನೇಲೂ ಇದೆಯಾ ಅಜ್ಜಿ ಈ ಕ್ಯಾಸೆಟ್ಟು, ಅಂದೆ. ಉಂಟು. ಇದು ಮುಗಿಯೋ ತಂಕ ನಮ್ಮನೇಲಿ ಒಬ್ರೂ ಏಳೂದಿಲ್ಲ. ಯಾವ ಭಾಗವತರದ್ದೋ ಗೊತ್ತಿಲ್ಲ ಮಗಾ, ಕೈ ಮಾತ್ರ ದೊಡ್ಡ ಕೈ. ನಡುವೆ ಒಂದು ಪೆಟ್ಟು ಬಿಡ್ತಾರೆ ನೋಡು. ಯಾಕೆ ಬಿಡ್ತಾರೆ ಅಜ್ಜಿ, ಮರ್ತುಹೋಗುತ್ತಾ. ಮರೆಯೂದೆಂತ, ಅದು ನಮಗೆ ಬಿಟ್ಟಿದ್ದು, ನಾವು ಹಾಕ್ಬೇಕು ಅಂತ, ಅಂದಳು, ಸೀಟಿನ ಕಂಬಿಯ ಮೇಲೆ ಅವಳ ಹೆಬ್ಬೆರಳು, ಸುಣ್ಣ ಹತ್ತಿದ ಹೆಬ್ಬೆರಳು, ಮೇಲೆದ್ದು ಕಾದು, ನಾನು ಬಿಟ್ಟ ಜಾಗದಲ್ಲಿ ಟಣ್ ಎಂದು ಬಿತ್ತು, ಸರಿಯಾಗಿ ಅಲ್ಲೇ, ಮತ್ತೆ ಎದ್ದಿತು, ನಾನೇ ಅದು ಅಜ್ಜಿ ಅನ್ನಲೇ, ಬೇಡ, ಟಣ್, ಹೂಂ ಅನ್ನಲು ಹೊರಟವಳು ನಾನು, ಗಣೇಶಣ್ಣ, ಸಿನಿಮಾ ಹಾಡಿನ ಸಂದೆಲ್ಲ ತುಂಬಿರುತ್ತದಲ್ಲೋ, ಇವರು ತಮ್ಮ ಪೆಟ್ಟು ಎಲ್ಲಿ ಹಾಕಬೇಕು, ಇಲ್ಲ ಗಣೇಶಣ್ಣ, ನಾನು ಆರ್ಕೆಸ್ಟ್ರಾಕ್ಕೆ ಇಲ್ಲ, ಇನ್ನೊಂದು ಕ್ಯಾಸೆಟ್ಟು ಮಾಡಣ, ಬೇಕಾದರೆ ಅದರ ಮೇಲೂ ತಾಳಮದ್ದಲೆ ತುಂಬಿಸಲಿ, ಟೇಪು ಮುಗಿಯಿತೇನೋ, ಅವಳು ಕೈಮುಗಿದು ಇಳಿದಳೇನೋ, ಬಸ್ಸು ಹೊರಟಿದೆಯೇನೋ, ಕಾಣುತ್ತಿಲ್ಲ, ಕಂಬಿ ಕಾಣುತ್ತಿದೆ, ಕಂಬಿಯ ಮೇಲೆ ಸುಣ್ಣದ ಒಂದು ಬಿಳಿ ಚುಕ್ಕೆ, ಅದರ ಮೇಲೆ ಹೆಬ್ಬೆರಳು, ಎತ್ತಿದ ಹೆಬ್ಬೆರಳು, ಇನ್ನೂ ಬಿದ್ದಿಲ್ಲ, ಹೆಬ್ಬೆರಳು —