ಕಿನ್ನರಿ ಕಟ್ಟಿದ ಉಯ್ಯಾಲೆ

ಊರವರ ತಲೆಯನ್ನೆಲ್ಲ ನುಣ್ಣಗೆ ಬಾಚಿ ಕಳಿಸುವವಳ ಹಿಂದಲೆಯಲ್ಲೇ ಒಂದು ಕೂದಲ ಗಂಟು ಇತ್ತು. ಹೆಬ್ಬೆರಳಿನಷ್ಟು ದಪ್ಪ, ಗಟ್ಟಿ. ಪಾರ್ಲರಿನಲ್ಲಿ ಯಾರ ಕಣ್ಣಿಗೂ ಬೀಳದಂತೆ ಆಕೆ ಅದನ್ನು ಕ್ಲಿಪ್ಪಿನ ಕೆಳಗೆ ಅಡಗಿಸಿಕೊಂಡಿದ್ದಳು.

ಒಂಟಿಯಾಗಿ ಮಲಗುವ ಹೆಂಗಸರ ಕೂದಲನ್ನು ಗಂಟು ಹಾಕಿ ಕಿನ್ನರಿಯರು ಉಯ್ಯಾಲೆ ಕಟ್ಟಿಕೊಳ್ಳುತ್ತಾರಂತೆ. ಬಿಡಿಸಿದರೆ ಮುನಿಸಿಕೊಂಡು ಹೊರಟುಬಿಡುತ್ತಾರೆ, ಮತ್ತೆ ಆ ಮನೆಯ ಕಡೆ ತಲೆ ಹಾಕುವುದಿಲ್ಲ. ಇದು ಅಜ್ಜಿ ಹೇಳಿದ್ದು. ಜೊತೆಗಿದ್ದ ಅಕ್ಕ ಮದುವೆಯಾಗಿ ಹೋದ ತಿಂಗಳೇ ಗಂಟು ಕಾಣಿಸಿತ್ತು. ಅಂದಿನಿಂದ ಆ ಒಂದು ಕೋಣೆಯ ಮನೆಯಲ್ಲಿ ಆಕೆಗೆ ಮಾತಿಗೆ ಬರವಿರಲಿಲ್ಲ. ಚಹಾ ಕುದಿಯುವಷ್ಟು ಹೊತ್ತು ಕಿನ್ನರಿಗೆ ದಿನದ ವರದಿ: ಯಾರ ಬೈತಲೆ ಅಗಲವಾಯಿತು, ಯಾರು ನರೆಗೆ ಬಣ್ಣ ಹಚ್ಚಿಸಿಕೊಂಡು ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡರು.

ಒಂದು ಬೆಳಿಗ್ಗೆ ಪಾರ್ಲರಿನಲ್ಲೇ ಕ್ಲಿಪ್ಪು ಪಟಕ್ಕನೆ ಮುರಿಯಿತು.

"ಅಯ್ಯೋ, ಇಲಿ ಏನಾದ್ರೂ ಗೂಡು ಕಟ್ಟಿದ್ಯೇನ್ರೀ?" ಕುರ್ಚಿಯಲ್ಲಿದ್ದ ಗಿರಾಕಿ ನಕ್ಕಳು.

ಒಡತಿ ನಗಲಿಲ್ಲ. ಬಾಚುತ್ತಿದ್ದವಳನ್ನು ಪಕ್ಕಕ್ಕೆ ಕರೆದಳು. "ಏನಮ್ಮಾ ಇದು? ಇದನ್ನ ನೋಡಿದೋರು ನಮ್ ಕೈಗೆ ತಲೆ ಕೊಡ್ತಾರಾ? ಮಧ್ಯಾಹ್ನದೊಳಗೆ ಬಿಡಿಸ್ಕೋ. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ಮುಟ್ಟಬಾರದು ಅಂತ ನಮ್ಮಜ್ಜಿ ಹೇಳ್ತಿದ್ರು, ಮೇಡಂ."

"ಸಂಬಳಾನೂ ಅಜ್ಜಿ ಹತ್ರಾನೇ ಇಸ್ಕೋ ಹಾಗಾದ್ರೆ."

ಆಕೆಗೆ ಗೊತ್ತಿದ್ದದ್ದು ಇದೊಂದೇ ಕಸುಬು. ಹಿಂದಿನ ಕೋಣೆಗೆ ಹೋಗಿ, ಬೇಸಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಗಂಟಿಗೆ ಎಣ್ಣೆ ಬಿಟ್ಟಳು. "ಸ್ವಲ್ಪ ಇಳೀತೀಯಾ? ಬಿದ್ದುಬಿಟ್ಟೀಯ" ಎಂದು ಪಿಸುಗುಟ್ಟಿದಳು. ಕತ್ತರಿಯನ್ನು ಮುಟ್ಟಲಿಲ್ಲ. ಎಳೆ ಎಳೆಯಾಗಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಪಳಗಿದ ಕೈ; ಒಂದೇ ಒಂದು ಕೂದಲೂ ತುಂಡಾಗಲಿಲ್ಲ.

"ನೋಡು, ಎಷ್ಟು ಲಕ್ಷಣವಾಗಿದೆ!" ಒಡತಿ ಬೆನ್ನು ತಟ್ಟಿದಳು.

ಸಂಜೆ ಮನೆಯಲ್ಲಿ ಚಹಾ ಕುದಿದು ಪಾತ್ರೆಯಿಂದ ಉಕ್ಕಿತು. ಆಕೆಯ ಕೈ ಹಿಂದಲೆಗೆ ಹೋಯಿತು; ಅಲ್ಲಿ ಗಂಟಿರಲಿಲ್ಲ. ಒಲೆ ಆರಿಸಿ, ಕನ್ನಡಿಯ ಮುಂದೆ ಕೂತು ಕೂದಲನ್ನು ಒದ್ದೆ ಮಾಡಿಕೊಂಡಳು. ತಿರುಚಿದಳು, ದಿಂಬಿಗೆ ಉಜ್ಜಿದಳು, ಬೆರಳಿಗೆ ಸುತ್ತಿ ಎಳೆದಳು. ಆ ಬೆರಳುಗಳಿಗೆ ಗಂಟು ಬಿಡಿಸುವುದಷ್ಟೇ ಅಭ್ಯಾಸ. ಎಣ್ಣೆಗೂದಲು ಪ್ರತಿಸಲವೂ ಜಾರಿ ನೆಟ್ಟಗೆ ಇಳಿಯಿತು. ಕೊನೆಗೆ ಕಡಲೆಕಾಳಿನಷ್ಟು ಗಂಟೊಂದು ಬಿತ್ತು.

"ನಂಗೆ ನಿನ್ನಷ್ಟು ಚೆನ್ನಾಗಿ ಕಟ್ಟೋಕೆ ಬರಲ್ಲ ಕಣೇ," ಎಂದಳು, ಕುತ್ತಿಗೆ ಅಲುಗಾಡಿಸದೆ. "ಸದ್ಯಕ್ಕೆ ಹೊಂದಿಸ್ಕೋ."