ಅರ್ಧ ಟಿಕೀಟಿನ ಕಲ್ಲು

ನಾನು ಕೊಲ್ಹಾಪುರದಲ್ಲಿ ನಕಾಶೆ ಹೊಲಿಯುವ ಕೆಲಸ ಮಾಡುತ್ತೇನೆ. ಹಾಗೆ ಹೇಳಿದರೆ ನೇಸರಿಯಲ್ಲಿರುವ ನನ್ನ ಅವ್ವನಿಗೆ ಮಾತ್ರ ತಿಳಿಯುತ್ತದೆ. ಸುತ್ತಲಿನ ಪಟ್ಟಣಗಳು, ಗ್ರಾಮ ಪಂಚಾಯತಿಗಳು ತಮ್ಮ ತಮ್ಮ ರಸ್ತೆ, ಮನೆ, ಗಟಾರಗಳ ನಕಾಶೆಯನ್ನು ಕಂಪ್ಯೂಟರಿನಲ್ಲಿ ತಯಾರಿಸಿ ನಮ್ಮ ವಿಭಾಗೀಯ ಕೇಂದ್ರಕ್ಕೆ ಕಳಿಸುತ್ತವೆ. ನಾನು ಅಂಚಿಗೆ ಅಂಚು ಕೂಡಿಸಿ, ಒಂದೇ ನಕಾಶೆ ಮಾಡಿ ಎಲ್ಲರಿಗೂ ಹಂಚುತ್ತೇನೆ. ಅವ್ವ ಕೌದಿ ಹೊಲಿಯುವ ಹಾಗೆಯೇ. ತುಂಡು ಒಬ್ಬೊಬ್ಬರದು ಒಂದೊಂದು ಅಳತೆ, ಬೈಗುಳ ಮಾತ್ರ ಪೂರ್ತಿ ನನ್ನ ಪಾಲಿಗೆ.

ಆ ವಾರ ಇಚಲಕರಂಜಿ ಕಡೆಯ ಒಂದು ಪಟ್ಟಣವನ್ನೂ ಅದರ ಮಗ್ಗುಲಿನ ಹಳ್ಳಿಯನ್ನೂ ಕೂಡಿಸಬೇಕಿತ್ತು. ಹೆಸರು ಹೇಳುವುದಿಲ್ಲ, ನನಗೆ ನೌಕರಿ ಬೇಕು. ಕೂಡಿಸಿ ನೋಡಿದರೆ ನಡುವೆ ಸಮೋಸಾ ಆಕಾರದ ಒಂದು ಖಾಲಿ ಜಾಗ ಉಳಿಯಿತು. ಪಟ್ಟಣ ಅದರ ಈಚೆಗೆ ಮುಗಿಯುತ್ತಿತ್ತು, ಹಳ್ಳಿ ಅದರ ಆಚೆಗೆ ಶುರುವಾಗುತ್ತಿತ್ತು. ಸಮೋಸಾದ ಹೊಟ್ಟೆಯಲ್ಲಿ ಒಂದು ಮನೆ. ಉಪಗ್ರಹದ ಚಿತ್ರದಲ್ಲಿ ಅದರ ತಗಡು ಥಳಥಳ ಹೊಳೆಯುತ್ತಿತ್ತು, ಆದರೆ ಯಾರ ದಾಖಲೆಯಲ್ಲೂ ಅದು ಇರಲಿಲ್ಲ.

ಮನೆ ಹಿರಾಬಾಯಿಯದು. ಅರವತ್ತೆಂಟು ವಯಸ್ಸು, ಗಂಡ ತೀರಿಕೊಂಡು ಆರು ವರ್ಷ. ಮಗ್ಗದ ಕಾರ್ಖಾನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬೆರಳು ಸವೆಸಿಕೊಂಡವಳು. ಮನೆಮನೆಗೆ ಹೊಸ ನಳ ಕೊಡುವ ಪಟ್ಟಿಯನ್ನು ಎರಡೂ ಕಡೆಯವರು ನಮ್ಮ ನಕಾಶೆ ನೋಡಿಯೇ ಮಾಡುತ್ತಿದ್ದರು, ಶುಕ್ರವಾರ ಕೊನೆಯ ದಿನ. ಎರಡೂ ಪಟ್ಟಿಯಲ್ಲಿ ಆಕೆ ಇಲ್ಲ. ಪಟ್ಟಣದವರು ಹಳ್ಳಿಗೆ ಹೋಗು ಅಂದರು, ಹಳ್ಳಿಯವರು ಪಟ್ಟಣಕ್ಕೆ ಹೋಗು ಅಂದರು, ಕೊನೆಗೆ ಯಾವನೋ ಪುಣ್ಯಾತ್ಮ ನನ್ನ ನಂಬರು ಕೊಟ್ಟ.

"ನನ್ನ ಮನಿ ಅಳಿಸಿದಾಕಿ ನೀನ ಏನವಾ?" ಅಂದಳು ಫೋನಿನಲ್ಲಿ. "ಓಣಿ ತುದೀಲಿಂದ ಕೊಡಾ ಹೊತ್ತ ಹೊತ್ತ ಮೊಣಕಾಲ ಹೋಗ್ಯಾವ. ಈ ಸಲ ನಳಾ ಸಿಗಲಿಲ್ಲಂದ್ರ ಗಂಟು ಮೂಟಿ ಕಟ್ಟಿಕೊಂಡ ನಿಮ್ಮ ಮನೀಗಿ ಬರ್ತೇನಿ."

ನನಗೆ ಸಿಟ್ಟು ಬಂತು, ಆಕೆಯ ಮೇಲಲ್ಲ. ಬುಧವಾರವೇ ಎರಡೂ ಕಡೆಯ ಸರ್ವೇಯರುಗಳನ್ನು ಆಕೆಯ ಬಾಗಿಲಿಗೆ ಕರೆಸಿದೆ. ಪಟ್ಟಣದ ಅವಧೂತನಿಗೆ ಮೂವತ್ತಾಗಿಲ್ಲ, ಕೈಯಲ್ಲಿ ಹೊಸ ಯಂತ್ರ. ಹಳ್ಳಿಯ ಕಡೆಯಿಂದ ಅಣ್ಣಾಸಾಹೇಬರು. ಅವರ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಅವಧೂತನ ಮುಖ ನೋಡಲು ಅವರಿಗೆ ಮನಸ್ಸಿರಲಿಲ್ಲ.

"ಹಳೇ ನಕಾಶಿ ಪ್ರಕಾರ ಗಡಿ ಇಲ್ಲೇ ಐತ್ರಿ ಮ್ಯಾಡಮ್, ರಸ್ತೇದ ಮ್ಯಾಲ, ಗಟಾರದ ಬಾಜೂಕ" ಅಂದ ಅವಧೂತ.

"ಗಡಿ ಹಿತ್ತಲದಾಗ ಐತಿ" ಅಂದರು ಅಣ್ಣಾಸಾಹೇಬರು. "ಅಲ್ಲಿ ಗಡಿಕಲ್ಲ ಐತಿ. ನಾವು ಕಲ್ಲ ನೋಡಿ ಅಳಿಯೋರು, ಕಾಗದ ನೋಡಿ ಅಲ್ಲ."

ಹಿರಾಬಾಯಿ ಸೊಂಟದ ಮೇಲೆ ಕೈ ಇಟ್ಟಳು. "ಹಿತ್ತಲದಾಗ ಎಲ್ಲೀ ಗಡಿಕಲ್ಲರಿ? ಅದು ನಾ ಅರಬಿ ಒಗಿಯೂ ಕಲ್ಲ. ಹೋದ ಸಲ ನೀವ ಬಂದು ನನ್ನ ಹಸೀ ಸೀರಿ ತೆಗಿಸಿ ಅದರ ಮ್ಯಾಲ ಏನೋ ಡಬ್ಬಿ ಇಟ್ಟ ನಿಂತಿದ್ರಿ. ಪೂಜಿ ಇರಬೇಕಂತ ನಾ ಸುಮ್ಮನಿದ್ದೆ."

ಹಿತ್ತಲಿಗೆ ಹೋದೆವು. ಮೊಣಕಾಲೆತ್ತರದ ಚೌಕ ಕಲ್ಲು, ಮೇಲೆಲ್ಲ ಸವೆದು ನುಣ್ಣಗಾಗಿತ್ತು. ಯಾರೂ ಕೇಳದಿದ್ದರೂ ಹಿರಾಬಾಯಿ ಅದರ ಕಥೆ ಶುರು ಮಾಡಿದಳು. ಓಣಿಗೆಲ್ಲ ಸಾವಿರ ಸಲ ಹೇಳಿದ ಕಥೆಯೆಂದು ಹೇಳುವ ಧಾಟಿಯಲ್ಲೇ ಗೊತ್ತಾಗುತ್ತಿತ್ತು.

"ಲಗ್ನಾಗಿ ಬಂದಾಗ ಇಲ್ಲಿ ಬರೇ ಮಣ್ಣರಿ. ಒಗದದ್ದೆಲ್ಲ ಮತ್ತ ಹೊಲಸ. ನಾ ಅಳಾಕತ್ತಿದ್ದೆ. ನಮ್ಮ ಮನಿಯವರು ಗಡಹಿಂಗ್ಲಜಕ ಹೋಗಿ, ಕಲ್ಲ ಕಡಿಯೋರ ಕಡೆ ಹೇಳಿ ಮಾಡಿಸಿ, ಎಸ್‌ಟಿ ಬಸ್ಸಿನ ಮ್ಯಾಲ ಹಾಕ್ಕೊಂಡ ಬಂದ್ರು. ಕಂಡಕ್ಟರ್ ಕಲ್ಲಿಗೂ ಅರ್ಧ ಟಿಕೀಟ ಹರದಿದ್ದ. ನೋಡ್ರಿ, ಕಡದವನ ಗುರ್ತ ಸುದ್ದಾ ಐತಿ."

ಗುರುತು ಇತ್ತು. ಕಲ್ಲಿನ ಪಕ್ಕದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಅವಧೂತ ಕುಕ್ಕರಗಾಲಲ್ಲಿ ಕೂತು ಕೆಳಗಿನ ಪಾಚಿ ಕೆರೆದ. ಹದಿನೇಳು ಎಂಬ ಅಂಕಿ ಕಾಣಿಸಿತು. ಮೊಬೈಲಿನಲ್ಲಿ ಹಳೆಯ ದಾಖಲೆ ತೆಗೆದ. ಹದಿನೇಳನೆಯ ಗಡಿಕಲ್ಲು, ಗಟಾರದ ಪಕ್ಕ. ಆಮೇಲೆ, ಬುದ್ಧಿ ಇಲ್ಲದವನು, ಗಟಾರದಿಂದ ಈ ಕಲ್ಲಿನವರೆಗೆ ಟೇಪು ಹಿಡಿದು ಜೋರಾಗಿ ಓದಿದ.

"ನಲವತ್ತೊಂದ ಫೂಟ."

ಹಿರಾಬಾಯಿ ಮನೆಯ ಪಕ್ಕದ ಸಂದಿಯಿಂದ ಗಟಾರದ ಕಡೆ ನೋಡಿದಳು. ಕಲ್ಲಿನ ಕಡೆ ನೋಡಿದಳು. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನನಗೆ ಬಹಳ ಕೆಡುಕೆನಿಸಿತು. ನಳ ಕೊಡಿಸಲು ಬಂದು ಈಕೆಯ ಅರ್ಧ ಶತಮಾನದ ಹೆಮ್ಮೆ ಕಿತ್ತುಕೊಂಡೆನಲ್ಲ ಅನಿಸಿತು.

"ಟಿಕೀಟ ಸುದ್ದಾ ತೋರಿಸಿದ್ದ ನನಗ" ಅಂದಳು ನಿಧಾನವಾಗಿ. "ಗಡಹಿಂಗ್ಲಜದ್ದ. ಎಲ್ಲಿ ಹೊಂದಿಸಿದ್ನೋ ಸುಳ್ಳಬುರುಕ." ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು.

ಕಲ್ಲು ಸರಿದಿದೆ ಎಂದು ಬರೆದರೆ ಹಳ್ಳಿಯ ಗಡಿಯೂ ಗಟಾರದವರೆಗೆ ಬಂದು ಮನೆ ಹಳ್ಳಿಗೆ ಸೇರುತ್ತಿತ್ತು, ನಳ ಬರುತ್ತಿತ್ತು. ಆದರೆ ಕಲ್ಲು ತನ್ನ ಜಾಗಕ್ಕೆ ಹೋಗಬೇಕು, ಮೇಲಾಗಿ ಗಡಿಕಲ್ಲು ಕೀಳುವುದು ಗುನ್ಹೆ. ಫಾರ್ಮಿನಲ್ಲಿ 'ಸರಿಸಿದವರು ಯಾರು' ಎಂದು ಒಂದು ಕಾಲಂ ಇತ್ತು. ಅಣ್ಣಾಸಾಹೇಬರು ಆಕಾಶ ನೋಡಿದರು, ಅವಧೂತ ತನ್ನ ಬೂಟು ನೋಡಿಕೊಂಡ. 'ತಿಳಿದುಬಂದಿಲ್ಲ' ಎಂದು ಬರೆದೆ. ಇಬ್ಬರೂ ಸಹಿ ಹಾಕಿದರು. ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು.

ಕಲ್ಲು ಹೊರಲು ಮಗ್ಗದ ಕಾರ್ಖಾನೆಯಿಂದ ಮೂವರು ಗಂಡಸರು ಬಂದರು. ನಲವತ್ತೊಂದು ಫೂಟಿಗೆ ಎರಡು ಸಲ ಕೆಳಗಿಟ್ಟು ದಣಿವಾರಿಸಿಕೊಂಡರು. ಹಿರಾಬಾಯಿ ಹಿಂದೆಯೇ ನಡೆದಳು.

"ಇವರು ಮೂರ ಮಂದಿ" ಅಂದಳು ನನಗೆ ಮಾತ್ರ ಕೇಳುವಂತೆ. "ಅವ ಒಬ್ಬನ ತಂದಿದ್ದ."

ಶುಕ್ರವಾರ ಆಕೆಯ ಹೆಸರು ಹಳ್ಳಿಯ ಪಟ್ಟಿಯಲ್ಲಿ ಬಂತು. ನಳ ಬರಲು ಮುಂದೆ ಎರಡು ತಿಂಗಳು ಹಿಡಿಯಿತು. ನೋಡಿಬರೋಣವೆಂದು ಸ್ಕೂಟಿ ತೆಗೆದುಕೊಂಡು ಹೋದೆ. ಹಿತ್ತಲಲ್ಲಿ ಹೊಸ ನಳ ಇತ್ತು, ಹಿರಾಬಾಯಿ ಇರಲಿಲ್ಲ. ನಳಕ್ಕೆ ಸಿಕ್ಕಿಸಿದ ರಬ್ಬರ್ ಪೈಪು ಸಂದಿಯುದ್ದಕ್ಕೂ ಹರಿದು ರಸ್ತೆಗೆ ಹೋಗಿತ್ತು. ಗಟಾರದ ಪಕ್ಕ, ಪಟ್ಟಣಕ್ಕೂ ಹಳ್ಳಿಗೂ ನಟ್ಟನಡುವೆ, ಹದಿನೇಳನೆಯ ಕಲ್ಲಿನ ಮೇಲೆ ಆಕೆ ಸೀರೆ ಒಗೆಯುತ್ತಿದ್ದಳು.

ಓಣಿಗೆ ಹೊಸದಾಗಿ ಬಂದ ಮನಿಷಾ ಎಂಬ ಹೆಂಗಸು ನಿಂತು ಕೇಳುತ್ತಿದ್ದಳು. "ಮನ್ಯಾಗ ನಳಾ ಇಟಗೊಂಡು ರಸ್ತೇದಾಗ ಯಾಕ ಒಗೀತೀರಿ ಆಯಿ?"

"ಈ ಕಲ್ಲ ಎಲ್ಲಾ ಕಡೆ ಸಿಗೂದಿಲ್ಲವಾ. ನಮ್ಮ ಮನಿಯವರು ಗಡಹಿಂಗ್ಲಜದಿಂದ ತಂದಾರ. ಕಂಡಕ್ಟರ್ ಇದಕ್ಕೂ ಅರ್ಧ ಟಿಕೀಟ ಹರದಿದ್ದ." ಹೇಳುತ್ತಲೇ ತಲೆ ಎತ್ತಿ ನನ್ನನ್ನು ಕಂಡಳು. ಕೈ ನಿಂತಿತು.

"ಹೌದ್ರಿ" ಅಂದೆ ಮನಿಷಾಗೆ. "ಆ ಟಿಕೀಟ ನಾನೂ ನೋಡೇನಿ."