ತುಪ್ಪಕ್ಕೆ ಹಾಕಿದ ವೀಳ್ಯದೆಲೆ

ಬಾಳ್ಳುಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕ್ಯಾಸ್ಮಿರ್ ಅವರಿಗೆ ಹೋಲಿಕೆ ಕೊಡುವ ಚಟವಿತ್ತು. ವಿಟಮಿನ್ ಇ ಯಾತಕ್ಕೆಂದು ಕುಂದೂರಿನ ದೇವೀರಪ್ಪ ಕೇಳಿದಾಗ, ರಕ್ತದಲ್ಲಿ ಕೊಬ್ಬು ಹೊತ್ತು ತಿರುಗುವ ಕಣಗಳಿವೆ, ಆಮ್ಲಜನಕ ತಾಗಿ ಅವು ಕೆಟ್ಟರೆ ರಕ್ತನಾಳದ ಗೋಡೆಗೆ ಮೆತ್ತಿಕೊಳ್ಳುತ್ತವೆ, ಕೆಡದಂತೆ ಇದು ತಡೆಯುತ್ತದೆ ಎಂದಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆಗಲಿಲ್ಲ.

"ಬೆಣ್ಣೆ ಕಾಯಿಸುವಾಗ ನಿಮ್ಮನೇಲಿ ವೀಳ್ಯದೆಲೆ ಹಾಕ್ತಾರಲ್ಲ, ತುಪ್ಪ ಕಮಟು ಹಿಡೀಬಾರ್ದು ಅಂತ? ಈ ಹಸಿರು ಗುಳಿಗೆ ರಕ್ತದೊಳಗಿನ ಎಲೆ ಅಂತ ತಿಳ್ಕೊಳ್ಳಿ."

ದೇವೀರಪ್ಪ ಪೂರ್ತಿಯಾಗಿ ತಿಳಿದುಕೊಂಡರು. ಎಲೆ ಬಿದ್ದ ಮೇಲೆ ತುಪ್ಪಕ್ಕೇನು ಭಯ? ಡಾಕ್ಟರು ಬರೆದುಕೊಟ್ಟಿದ್ದ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟರು. ಹೋಳಿಗೆಯ ಮೇಲೆ ತುಪ್ಪ ಮತ್ತೆ ಧಾರಾಳವಾಗಿ ಹರಿಯಿತು.

ಅವರು ಆ ಮಾತ್ರೆ ಒಯ್ಯುವುದನ್ನು ನಿಲ್ಲಿಸಿದ್ದು ಕ್ಯಾಸ್ಮಿರ್ ಗಮನಕ್ಕೆ ಬಂದಿತ್ತು. ಹಾಸನದಲ್ಲಿ ಕೊಳ್ಳುತ್ತಿರಬೇಕು ಎಂದುಕೊಂಡರು, ಹಾಗಂದುಕೊಳ್ಳುವುದು ಸುಲಭವಾಗಿತ್ತು. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಆ ಕಣಗಳು ಕೆಡದಂತೆ ತಡೆದ ವಿಟಮಿನ್ ಇ, ಮನುಷ್ಯರಿಗೆ ಕೊಟ್ಟು ನೋಡಿದಾಗ ಹೃದಯಾಘಾತವನ್ನೇನೂ ಕಡಿಮೆ ಮಾಡಲಿಲ್ಲ ಎಂಬುದನ್ನೂ ಅವರು ಓದಿದ್ದರು. ಅದಕ್ಕೆ ಮಾತ್ರ ಹೋಲಿಕೆ ಹೊಳೆದಿರಲಿಲ್ಲ.

ಎದೆನೋವು ಬಂದು, ಸ್ಟೆಂಟ್ ಹಾಕಿಸಿಕೊಂಡು, ಸುಧಾರಿಸಿಕೊಂಡ ಮೇಲೆ ದೇವೀರಪ್ಪ ಹೆಂಡತಿ ಜಗದಾಂಬರ ಜೊತೆ ಅಂಗಡಿಗೆ ಬಂದರು. ತುಪ್ಪದ ಬಾಟಲಿಯನ್ನು ಗಾಜಿನ ಮೇಜಿನ ಮೇಲಿಟ್ಟರು.

"ಇದು ನಿಮ್ಗೆ ಮಾರಾಯ್ರೆ. ಆ ಎಲೆ ಇರ್ಲಿಲ್ಲ ಅಂದಿದ್ರೆ ನಾನು ಹೋಗ್ಬುಟ್ಟಿರ್ತಿದ್ದೆ. ಇವಳಿಗೂ ಆ ಗುಳಿಗೆ ಒಂದು ಪಟ್ಟಿ ಕೊಡಿ, ಇವಳಿಗೂ ಕೊಬ್ಬೈತೆ."

"ಊರಿಗೆಲ್ಲ ಸಾರ್ಕೊಂಡು ಬನ್ನಿ," ಅಂದರು ಜಗದಾಂಬ.

"ಡಾಕ್ಟರ ಮಾತ್ರೆ ತಗೋತಿದ್ದೀರಲ್ಲ?" ಕ್ಯಾಸ್ಮಿರ್ ಕೇಳಿದರು.

"ಎರಡೆರಡು ಯಾಕೆ ಅಂತ ಆವತ್ತೇ ಬುಟ್ಟೆ. ಈಗ ಆಸ್ಪತ್ರೇಲಿ ಮತ್ತೆ ಬರ್ದವ್ರೆ. ನೀವು ಹೇಳಿ, ಬೇಕಾ?"

ಹಸಿರು ಗುಳಿಗೆಯ ಡಬ್ಬಿಯ ಮೇಲೆ ಕ್ಯಾಸ್ಮಿರ್ ಕೈ ನಿಂತಿತು. ಸುಮ್ಮನೆ ಎರಡನ್ನೂ ಕೊಟ್ಟು ಕಳಿಸಿದ್ದರೆ ಪುಣ್ಯಾತ್ಮ ಅನ್ನಿಸಿಕೊಂಡೇ ಇರಬಹುದಿತ್ತು.

"ಆ ಮಾತ್ರೆ ಬಿಡಬೇಡಿ ದೇವೀರಪ್ಪೋರೆ. ನಿಮ್ಮನ್ನ ಉಳಿಸಿದ್ದು ಆಸ್ಪತ್ರೆಯೋರು, ಎಲೆ ಅಲ್ಲ. ಎಲೆ ಕತೆ ನಾನು ಅರ್ಧ ಹೇಳಿದ್ದೆ. ಉಳಿದರ್ಧ ಗೊತ್ತಿತ್ತು, ಹೇಳಲಿಲ್ಲ. ನೀವು ಮಾತ್ರೆ ಒಯ್ಯೋದು ನಿಲ್ಲಿಸಿದ್ದೂ ಗೊತ್ತಿತ್ತು."

ದೇವೀರಪ್ಪ ಎದೆ ಮುಟ್ಟಿ ನೋಡಿಕೊಂಡರು.

"ನಾನು ಮಾತ್ರೆ ನುಂಗಿ ಅಂದ್ರೆ, ಕ್ಯಾಸ್ಮಿರ್ ಸಾರ್‌ಗಿಂತ ಜಾಣೆಯೇನೇ ಅಂದ್ರು ಇವ್ರು," ಎಂದರು ಜಗದಾಂಬ, ಕ್ಯಾಸ್ಮಿರ್ ಕಡೆ ನೋಡದೆ.

ಬಾಟಲಿ ವಾಪಸ್ ಎತ್ತಿಕೊಳ್ಳುತ್ತಾರೆಂದು ಕ್ಯಾಸ್ಮಿರ್ ಕಾದರು. ಎತ್ತಿಕೊಂಡಿದ್ದರೆ ಮನಸ್ಸು ಸ್ವಲ್ಪ ಹಗುರಾಗುತ್ತಿತ್ತು. ದೇವೀರಪ್ಪ ಡಾಕ್ಟರ ಮಾತ್ರೆಯನ್ನಷ್ಟೇ ಕೊಂಡು ಜೇಬಿಗೆ ಹಾಕಿಕೊಂಡು, ಬಾಟಲಿಯನ್ನು ಇನ್ನಷ್ಟು ಮುಂದೆ ತಳ್ಳಿದರು.

"ಮನೇಲಿದ್ರೆ ನಾನು ತಿಂದ್ಬುಡ್ತೀನಿ. ನಿಮ್ಮ ಕಣ್ಮುಂದೇನೇ ಇರ್ಲಿ. ಎಲೆ ಹಾಕಿ ಕಾಯ್ಸಿರೋದು, ಬೇಗ ಕೆಡಲ್ಲ."